ಒಳಗಿನ ಚಿಲಕ

ಸಂತೋಷದ ಸುದ್ದಿಯನ್ನು ಕೂತುಕೊಂಡು ಹೇಳುವುದು ಗಾಡಿ ಅತ್ತೆಗೆ ಈ ಜನ್ಮದಲ್ಲಿ ಸಾಧ್ಯವಾಗಿಲ್ಲ. ಎದ್ದು ನಿಲ್ಲಬೇಕು, ಎರಡೂ ಕೈ ಮೇಲೆತ್ತಬೇಕು, ಎದುರಿಗಿದ್ದವರ ಭುಜಕ್ಕೆ ಒಂದು ಏಟಾದರೂ ಬೀಳಬೇಕು. ತುಂಬಿದ ಕೊಡ ತುಳುಕುವುದಿಲ್ಲ ಅಂತ ಗಾದೆ ಕಟ್ಟಿದವರು ಅವಳನ್ನು ನೋಡಿರಲಿಲ್ಲ, ಅಷ್ಟೇ. ಅವಳು ತುಂಬಿಯೂ ಇದ್ದಳು, ತುಳುಕುತ್ತಲೂ ಇದ್ದಳು. ಅವಳ ಗಂಡ ಟೈಲರ್, ಮಾತು ಕಡಿಮೆ. ಮೆಟ್ಟಿಲ ಮೇಲೆ ಅವಳ ಧಡಧಡ ಹೆಜ್ಜೆ ಕೇಳಿದ ಕೂಡಲೇ ಹೊಲಿಗೆ ಯಂತ್ರದ ಸೂಜಿಯನ್ನು ಬಟ್ಟೆಯಿಂದ ಮೇಲಕ್ಕೆತ್ತಿ ಕಾಯುತ್ತಿದ್ದ. ಇಲ್ಲದಿದ್ದರೆ ಆ ಏಟಿಗೆ ಯಾರದೋ ಅಂಗಿಯ ಕಾಲರ್ ಸೊಟ್ಟಗಾಗುತ್ತಿತ್ತು.

"ಇವತ್ತೇನು ವಿಶೇಷ?" ಅನ್ನುತ್ತಿದ್ದ.

"ಕುರುಡು ಬೆಕ್ಕು ತಾನಾಗಿ ಬಟ್ಟಲು ಹುಡುಕ್ತು ಕಣ್ರೀ! ತಾನಾಗಿ!"

"ನೀನು ಪಕ್ಕದಲ್ಲಿ ನಿಂತು ಕೂಗಿ ದಾರಿ ಹೇಳಿರ್ತೀಯ."

ಅವಳನ್ನು ಗಾಡಿ ಅತ್ತೆ ಅಂತ ಕರೆದವರು ಮಕ್ಕಳು. ಊರಿನ ಅಂಚಿನಲ್ಲಿ, ಗಾಯಗೊಂಡ, ಬೀದಿಪಾಲಾದ ಪ್ರಾಣಿಗಳನ್ನು ಇಟ್ಟುಕೊಂಡು ಸಾಕುವ ಒಂದು ಆಸರೆ ಕೇಂದ್ರ. ಅದರ ಗಾಡಿ ಓಡಿಸುವುದು ಅವಳ ಕೆಲಸ. ಲಾರಿ ಓಡಿಸುತ್ತಿದ್ದ ಸೋದರಮಾವನ ಪಕ್ಕ ಕೂತು ಹುಡುಗಿಯಾಗಿದ್ದಾಗಲೇ ಗೇರು ಹಾಕುವುದು ಕಲಿತಿದ್ದಳು. ಆಮೇಲೆ ತಲೆಗೂದಲು ಅರ್ಧ ನರೆಯುವವರೆಗೂ ಹಾಲಿನ ವ್ಯಾನು. ಒಂದು ಬೆಳಿಗ್ಗೆ ರಸ್ತೆಯಲ್ಲಿ ಕಾಲು ಮುರಿದು ಬಿದ್ದಿದ್ದ ನಾಯಿಯನ್ನು ಕ್ಯಾನುಗಳ ನಡುವೆ ಮಲಗಿಸಿಕೊಂಡು ಕೇಂದ್ರಕ್ಕೆ ತಂದು ಬಿಟ್ಟಳು. ಅರ್ಧ ಊರಿಗೆ ಅವತ್ತು ಹಾಲು ತಡವಾಯಿತು. ಅದು ಒಂದೇ ಸಲವಾಗಿದ್ದರೆ ವ್ಯಾನಿನ ಯಜಮಾನ ಸಹಿಸಿಕೊಳ್ಳುತ್ತಿದ್ದನೇನೋ. ಆಮೇಲೆ ಕಾಗೆ ಬಂತು, ಆಡಿನ ಮರಿ ಬಂತು. "ನೋಡಮ್ಮಾ, ಹಾಲು ಸಾಗಿಸ್ತೀಯೋ ನಾಯಿ ಸಾಗಿಸ್ತೀಯೋ, ಒಂದು ತೀರ್ಮಾನಕ್ಕೆ ಬಾ" ಅಂದ ಅವನು. ಅವಳು ನಿಂತ ಕಾಲಲ್ಲೇ ತೀರ್ಮಾನಕ್ಕೆ ಬಂದು, ಅವನ ಭುಜಕ್ಕೆ ಒಂದು ಬಡಿದು, ಕೀಲಿ ಅವನ ಕೈಗಿಟ್ಟು ಹೊರಟೇಬಿಟ್ಟಳು. ಹಾಲಿನ ವ್ಯಾನು ಬಿಟ್ಟಳೇ ಹೊರತು ಆ ವ್ಯಾನಿನ ಅವಸರ ಅವಳನ್ನು ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ.

ಕೇಂದ್ರದ ಎದುರಿಗೆ, ರಸ್ತೆಯ ಆಚೆ, ಒಂದು ಮಕ್ಕಳ ನಿಲಯವಿತ್ತು. ಮಕ್ಕಳು ನೋಡಬಾರದ್ದನ್ನು ನೋಡಿ, ಅನುಭವಿಸಬಾರದ್ದನ್ನು ಅನುಭವಿಸಿ ಬಂದ ಮಕ್ಕಳು ಅಲ್ಲಿದ್ದರು. ಅವರ ಮನಸ್ಸಿನ ಗಾಯ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಮಿಸ್ ಅನ್ನುತ್ತಿದ್ದರು. ಬುಧವಾರ ಮಧ್ಯಾಹ್ನ ಮಿಸ್ಸು ಮಕ್ಕಳನ್ನು ಕರೆದುಕೊಂಡು ರಸ್ತೆ ದಾಟಿ ಬರುತ್ತಿದ್ದರು. ಅವರದೊಂದು ಕಟ್ಟಳೆ ಇತ್ತು. ಪ್ರಾಣಿಯ ಬಗ್ಗೆ ಎಷ್ಟು ಬೇಕಾದರೂ ಕೇಳಬಹುದು. ಮಗುವಿನ ಬಗ್ಗೆ ಯಾರೂ ಏನೂ ಕೇಳಬಾರದು. ಪ್ರತಿ ಪ್ರಾಣಿಯ ಗೂಡಿಗೂ ಒಂದು ಹಲಗೆ ನೇತುಹಾಕಿದ್ದರು. ಅದರಲ್ಲಿ ಎರಡೇ ಸಂಗತಿ: ಇದಕ್ಕೆ ಏನು ಕಂಡರೆ ಹೆದರಿಕೆ, ಏನು ಕಂಡರೆ ಇಷ್ಟ. ಮಕ್ಕಳು ಓದುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು, ಬಟ್ಟಲು ತೊಳೆಯುತ್ತಿದ್ದರು, ಹೋಗುತ್ತಿದ್ದರು.

ಮೊದಲ ಬುಧವಾರ ಗಾಡಿ ಅತ್ತೆ ಗೇಟಿನಲ್ಲೇ ನಿಂತು "ಬನ್ರೋ ಬನ್ರೋ!" ಅಂತ ಇಡೀ ಬೀದಿಗೆ ಕೇಳುವಂತೆ ಸ್ವಾಗತಿಸಿದಳು. ಇಬ್ಬರು ಮಕ್ಕಳು ಹೋಗಿ ಮೇಜಿನ ಕೆಳಗೆ ಕೂತವರು ಹೊರಡುವ ಹೊತ್ತಿಗೇ ಎದ್ದದ್ದು. ಮಿಸ್ಸು ಬೈಯಲಿಲ್ಲ. "ಅತ್ತೆ, ಬುಧವಾರ ಒಂದು ದಿನ ನಿಮ್ಮ ದನಿ ಗೇಟಿನ ಹೊರಗೆ ಬಿಟ್ಟು ಬನ್ನಿ, ವಾಪಸ್ ಹೋಗ್ತಾ ತಗೊಂಡು ಹೋಗಿ" ಅಂದರು. ಅಂದಿನಿಂದ ಬುಧವಾರ ಅವಳು ಬಾಯಿಗೆ ಅಂಗೈ ಒತ್ತಿಕೊಂಡೇ ಓಡಾಡುತ್ತಿದ್ದಳು. ಹಲ್ಲುನೋವೇನೋ ಅಂತ ಡಾಕ್ಟರು ಒಮ್ಮೆ ಕೇಳಿಯೂಬಿಟ್ಟರು. ಅವರು ಪ್ರಾಣಿಗಳ ಡಾಕ್ಟರು, ಆದರೂ ಕೇಳಿದರು.

ಅವಳಿಗೂ ಈ ಪದ್ಧತಿಯ ಮೇಲೆ ಮೊದಮೊದಲು ನಂಬಿಕೆ ಇರಲಿಲ್ಲ. ಬಟ್ಟಲು ತೊಳೆದರೆ ಮನಸ್ಸು ತೊಳೆದಂತೆ ಆದೀತೇ ಅಂತ ಗಂಡನ ಹತ್ತಿರ ಅಂದಿದ್ದಳು. ಆಮೇಲೆ ಒಂದು ದಿನ, ನಿಲಯದಲ್ಲಿ ಮಂಚದ ಕೆಳಗಷ್ಟೇ ಮಲಗುತ್ತಿದ್ದ ಒಬ್ಬ ಹುಡುಗ, ಕಪಾಟಿನಿಂದ ಹೊರಗೇ ಬರದ ಕಪ್ಪು ಬೆಕ್ಕಿನ ಮುಂದೆ ಬಹಳ ಹೊತ್ತು ಕೂತ.

"ಇದು ಎಷ್ಟು ದಿನ ಅಲ್ಲೇ ಇರ್ಬಹುದು?" ಅಂತ ಕೇಳಿದ.

"ಅದಕ್ಕೆ ಬೇಕಾದಷ್ಟು ದಿನ" ಅಂದರು ಡಾಕ್ಟರು.

"ಯಾರೂ ಬೈಯಲ್ವಾ?"

"ಯಾಕೆ ಬೈತಾರೆ? ಅದರ ಕಪಾಟು."

ಆ ವಾರವೇ ಅವನು ದಿಂಬನ್ನು ಮಂಚದ ಮೇಲಕ್ಕೆ ಸಾಗಿಸಿದನಂತೆ. ಮಿಸ್ಸು ಈ ಸುದ್ದಿ ಹೇಳಿದಾಗ ಅತ್ತೆ ಅಂಗೈ ತೆಗೆದು ಕೂಗಲೂ ಆಗದೆ ನುಂಗಲೂ ಆಗದೆ, ಗಾಡಿಯೊಳಗೆ ಹೋಗಿ ಗಾಜು ಏರಿಸಿಕೊಂಡು ಒಬ್ಬಳೇ ಕೂಗಿಕೊಂಡು ಬಂದಳು. ಅಂದಿನಿಂದ ಈ ಪದ್ಧತಿಗೆ ಅವಳಷ್ಟು ದೊಡ್ಡ ಭಕ್ತೆ ಇನ್ನೊಬ್ಬರಿಲ್ಲ.

ಆ ಮಕ್ಕಳ ಗುಂಪಿಗೆ ಒಂದು ದಿನ ಲಾಯರಮ್ಮ ಸೇರಿಕೊಂಡಳು. ಹತ್ತು ವರ್ಷದ ಹುಡುಗಿ, ಎರಡು ಜಡೆ, ಒಂದು ಹಣೆಗಾಯ. ಬಾಯಿ ಬಿಟ್ಟರೆ ಪ್ರಶ್ನೆ, ಉತ್ತರ ಕೊಟ್ಟರೆ ಅಡ್ಡಪ್ರಶ್ನೆ. ಹಾಗಾಗಿ ಆ ಹೆಸರು. ಅವಳು ನೇರವಾಗಿ ಹಿತ್ತಲ ಅಂಗಳಕ್ಕೆ ಹೋಗಿ ಕತ್ತೆಯ ಮುಂದೆ ನಿಂತಳು. ಆ ಕತ್ತೆಗೆ ಎಲ್ಲರೂ ಸಾಹೇಬರು ಅನ್ನುತ್ತಿದ್ದರು, ಯಾಕೆಂದರೆ ತಮಗೆ ಮನಸ್ಸಾಗುವವರೆಗೆ ಅವರು ಯಾರ ಮಾತಿಗೂ ಒಂದು ಹೆಜ್ಜೆ ಎತ್ತಿಟ್ಟವರಲ್ಲ. ಹಲಗೆಯಲ್ಲಿ ಬರೆದಿತ್ತು: ಹೆದರಿಕೆ – ಮುಚ್ಚಿದ ಬಾಗಿಲು. ಇಷ್ಟ – ಕ್ಯಾರೆಟ್, ಕಿವಿಯ ಬುಡ ಕೆರೆಸಿಕೊಳ್ಳುವುದು.

"ಬಾಗಿಲು ಯಾಕೆ?" ಅಂದಳು ಲಾಯರಮ್ಮ.

"ಇವ್ರನ್ನ ಯಾರೋ ಒಂದು ಲಾರಿಯೊಳಗೆ ಬೀಗ ಹಾಕಿ ರಸ್ತೆ ಬದೀಲಿ ಬಿಟ್ಟು ಹೋಗಿದ್ರು ಕಣಮ್ಮ" ಅಂದಳು ಅತ್ತೆ, ಅಂಗೈಯ ಸಂದಿನಿಂದ. "ಬಿಸಿಲು, ನೀರಿಲ್ಲ. ಒದೆಯೋ ಸದ್ದು ಕೇಳಿ ದಾರಿಹೋಕರು ಬಾಗಿಲು ಒಡೆದ್ರು."

"ಆಮೇಲೆ ಇಲ್ಲಿಗೆ ನಿಮ್ಮ ಗಾಡೀಲಿ ತಂದ್ರಾ?"

"ಎಲ್ಲಿ ತರೋದು! ಹತ್ತಿದ್ರೆ ತಾನೇ? ಇಡೀ ದಾರಿ ನಡ್ಕೊಂಡೇ ಬಂದ್ರು. ನಾನು ಹಿಂದೆ ಖಾಲಿ ಗಾಡಿ ಓಡಿಸ್ಕೊಂಡು ಬಂದೆ, ಮದುವಣಿಗನ ಹಿಂದೆ ದಿಬ್ಬಣ ಬಂದ ಹಾಗೆ."

ಹುಡುಗಿ ಕತ್ತೆಯ ಮುಖವನ್ನೇ ನೋಡಿದಳು. "ನಾನೂ ಆಸ್ಪತ್ರೆಯಿಂದ ನಡ್ಕೊಂಡೇ ಬಂದೆ" ಅಂದಳು.

ಅತ್ತೆ ಏನೂ ಕೇಳಲಿಲ್ಲ. ಕೇಳದೇ ಇರುವುದು ಅವಳಿಗೆ ಎಷ್ಟು ಕಷ್ಟವಾಯಿತೆಂಬುದು ಅವಳ ನಾಲಿಗೆಗೇ ಗೊತ್ತು. ಸಂಜೆ ಮಿಸ್ಸೇ ಹೇಳಿದರು. ಒಂದು ಬಸ್ಸು ಮಗುಚಿತ್ತು. ಹುಡುಗಿಯ ಅಪ್ಪ ಅಮ್ಮ ಅದರಲ್ಲೇ ಹೋದರು. ಬಾಗಿಲು ನಜ್ಜುಗುಜ್ಜಾಗಿ ತೆರೆಯದೆ, ತಗಡು ಕತ್ತರಿಸಿ ತೆಗೆಯುವವರೆಗೂ ಇವಳು ಒಳಗೇ ಇದ್ದಳು. ಅಂದಿನಿಂದ ಯಾವ ವಾಹನದೊಳಕ್ಕೂ ಕಾಲಿಟ್ಟಿಲ್ಲ. ಕಾರು, ಆಟೋ ಯಾವುದರ ಬಾಗಿಲ ಹತ್ತಿರ ಹೋದರೂ ಮೈಯೆಲ್ಲ ಬೆವತು, ಉಸಿರು ಸಿಕ್ಕಿಕೊಂಡು, ನೆಲಕ್ಕೆ ಕೂತುಬಿಡುತ್ತಾಳೆ. ಅವಳ ಪುಟ್ಟ ತಮ್ಮ ಅವತ್ತು ಅಜ್ಜಿಯ ಮನೆಯಲ್ಲಿದ್ದವನು, ಈಗಲೂ ಅಲ್ಲೇ ಇದ್ದಾನೆ. ಅಜ್ಜಿಗೆ ಇವಳೂ ಬೇಕು. ಕೋಣೆ, ಹಾಸಿಗೆ, ಶಾಲೆ ಎಲ್ಲ ತಯಾರು ಮಾಡಿಕೊಂಡು ಕೂತಿದ್ದಾರೆ. ಆದರೆ ಅಜ್ಜಿಯ ಊರು ಇಲ್ಲಿಂದ ಇಡೀ ಹಗಲಿನ ಹಾದಿ. ಸೊಂಟದ ಮೂಳೆ ಮುರಿದು ಕೂಡಿ, ಕೋಲು ಹಿಡಿದು ಓಡಾಡುವ ಮುದುಕಿ ಇಲ್ಲಿಗೆ ಬರುವುದು ಆಗದ ಮಾತು. ಇವಳು ಹೋಗಬೇಕು, ಇವಳಿಗೆ ಹತ್ತಲಾಗದು.

"ಮಲಗಿಸಿ ಕರ್ಕೊಂಡು ಹೋದ್ರೆ?" ಅಂದಳು ಅತ್ತೆ.

"ಎಚ್ಚರವಾದಾಗ ಮತ್ತೆ ಮುಚ್ಚಿದ ಗಾಡಿಯೊಳಗೇ ಇರ್ತಾಳೆ ಅತ್ತೆ. ಆಮೇಲೆ ನಮ್ಮನ್ನೂ ನಂಬಲ್ಲ." ಮಿಸ್ಸು ಮುಂದುವರಿಸಿದರು, "ಪ್ರತಿ ಭಾನುವಾರ ಫೋನಲ್ಲಿ ತಮ್ಮನ ಜೊತೆ ಮಾತಾಡ್ತಾಳೆ. ಅವನಿಗೆ ಈಗ ಮೂರು ವರ್ಷ. ಹೋದ ಭಾನುವಾರ ಅವನು 'ಯಾರು ಮಾತಾಡ್ತಿರೋದು?' ಅಂದ. ಇವಳು ಫೋನಿಟ್ಟು ನನ್ನ ಹತ್ರ ಬಂದು, ಚಿಕ್ಕ ಮಕ್ಕಳು ಎಷ್ಟು ದಿನಕ್ಕೆ ಮರೆತುಬಿಡ್ತಾರೆ ಅಂತ ಕೇಳಿದ್ಲು."

ಗಾಡಿ ಅತ್ತೆಗೆ ಅವತ್ತು ಊಟ ಸೇರಲಿಲ್ಲ. ಆದರೆ ಅವಳ ದುಃಖಕ್ಕೂ ಆಯಸ್ಸು ಕಮ್ಮಿ. ಮರುವಾರವೇ ಡಾಕ್ಟರು ಒಂದು ಸುದ್ದಿ ತಂದರು. ಕತ್ತೆ ಒಂಟಿಯಾಗಿ ಇದ್ದರೆ ಮಂಕಾಗುತ್ತದೆ, ಅದಕ್ಕೆ ತನ್ನ ಜಾತಿಯ ಜೊತೆ ಬೇಕು. ದೂರದ ಒಂದು ಹುಲ್ಲುಗಾವಲಿನಲ್ಲಿ ಮುದಿ ಕತ್ತೆಗಳನ್ನು ಸಾಕುವವರು ಸಾಹೇಬರನ್ನು ಸೇರಿಸಿಕೊಳ್ಳಲು ಒಪ್ಪಿದ್ದರು. ದಾರಿ ಯಾವುದು ಅಂತ ಅತ್ತೆ ವಿಚಾರಿಸಿದಳು. ಡಾಕ್ಟರು ಊರುಗಳ ಹೆಸರು ಒಂದೊಂದಾಗಿ ಹೇಳುತ್ತಾ ಹೋದರು. ಕೊನೆಯಿಂದ ಎರಡನೆಯದು ಅಜ್ಜಿಯ ಊರು! ಡಾಕ್ಟರ ಭುಜಕ್ಕೆ ಬಿದ್ದ ಏಟಿಗೆ ಅವರ ಕನ್ನಡಕ ಮೂಗಿನಿಂದ ಜಾರಿತು.

"ಲಾಯರಮ್ಮಂಗೆ ಈಗಲೇ ಹೇಳ್ಬೇಡಿ" ಅಂದರು ಮಿಸ್ಸು. "ಮೊದಲು ಸಾಹೇಬ್ರು ಹತ್ತಲಿ."

ಗುಟ್ಟು ಕಾಯುವುದೆಂದರೆ ಅತ್ತೆಗೆ ಕುದಿಯುವ ಪಾತ್ರೆಯ ಮುಚ್ಚಳ ಒತ್ತಿ ಹಿಡಿದ ಹಾಗೆ. ಮುಂದಿನ ಬುಧವಾರ ಹುಡುಗಿ ಸಾಹೇಬರಿಗೆ ಒಂದು ಕ್ಯಾರೆಟ್ ತಿನ್ನಿಸಿ ಮುಗಿಸುವಷ್ಟರಲ್ಲಿ, "ಅತ್ತೆ, ನಿಮ್ಮ ಮುಖದಲ್ಲಿ ಏನೋ ಇದೆ" ಅಂದಳು. ಎರಡನೆಯ ಕ್ಯಾರೆಟ್ ಮುಗಿಯುವಷ್ಟರಲ್ಲಿ ಎಲ್ಲವನ್ನೂ ಹೊರಡಿಸಿಬಿಟ್ಟಿದ್ದಳು. ಆಮೇಲೆ ಸಾಹೇಬರ ಕಿವಿಯ ಬುಡ ಕೆರೆಯುತ್ತಾ, "ಮೊದ್ಲು ಇವ್ರು ಹತ್ತಲಿ. ನಾನೇ ಹತ್ತಿಸ್ತೀನಿ. ನಾನು ಕೆಳಗೇ ನಿಂತು ಹತ್ತಿಸ್ತೀನಿ" ಅಂದಳು. ಕೆಳಗೇ ಅನ್ನುವುದನ್ನು ಒತ್ತಿ ಹೇಳಿದಳು.

ಅಂಗಳದಲ್ಲಿ ಗಾಡಿ ನಿಲ್ಲಿಸಿದರು. ಮುಂದೆ ಚಾಲಕಳ ಜಾಗ, ಹಿಂದೆ ತಗಡಿನ ಉದ್ದ ಗೂಡು, ಅದಕ್ಕೊಂದು ಬಾಗಿಲು, ಬಾಗಿಲಿನಿಂದ ನೆಲಕ್ಕೆ ಇಳಿಜಾರು ಹಲಗೆ. ಕೇಂದ್ರದಲ್ಲಿ ಒಂದು ನಿಯಮವಿತ್ತು: ಯಾವ ಪ್ರಾಣಿಯನ್ನೂ ಎಳೆಯಬಾರದು, ತಳ್ಳಬಾರದು. ದಾರಿ ಮಾಡಿಟ್ಟು ಕಾಯಬೇಕು. ಲಾಯರಮ್ಮ ಈ ನಿಯಮವನ್ನು ಎಲ್ಲರಿಗಿಂತ ಬಿಗಿಯಾಗಿ ಪಾಲಿಸಿದಳು. ಹಲಗೆಯ ಬುಡದಲ್ಲಿ ಹುಲ್ಲು ಹಾಕಿದಳು. ಸಾಹೇಬರು ತಿಂದರು, ಹೋದರು. ಇನ್ನೊಂದು ಗೇಣು ಮೇಲೆ ಹಾಕಿದಳು. ಸಾಹೇಬರು ಕತ್ತು ಉದ್ದ ಮಾಡಿ ತಿಂದರು, ಕಾಲು ಮಾತ್ರ ನೆಲದಲ್ಲೇ ಇತ್ತು. ಮಿಸ್ಸು ಅವಳಿಗೆ ದಿನಾ ಸಂಜೆ ಬರಲು ಅನುಮತಿ ಕೊಟ್ಟರು. ಅತ್ತೆಗೋ ದಿನಾ ಸಂಜೆ ಕ್ರಿಕೆಟ್ ಪಂದ್ಯದ ಕೊನೆಯ ಓವರು. ಮನೆಗೆ ಹೋಗಿ ಗಂಡನಿಗೆ ವರದಿ ಒಪ್ಪಿಸುತ್ತಿದ್ದಳು.

"ಇವತ್ತು ಮುಂಗಾಲು ಹಲಗೆ ಮೇಲೆ! ಎರಡೂ!"

"ಹಿಂಗಾಲು?"

"ಅವಕ್ಕೆ ಇನ್ನೂ ಸುದ್ದಿ ತಲುಪಿಲ್ಲ ಕಣ್ರೀ."

ಸುದ್ದಿ ತಲುಪಿತು. ಒಂದು ಸಂಜೆ ಸಾಹೇಬರು ಹಲಗೆ ಹತ್ತಿ, ಒಳಗೆ ಮೂಗು ತೂರಿಸಿ, ಮೂಸಿ, ಅಲ್ಲಿಂದ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ ಒಳಕ್ಕೆ ನಡೆದರು. ನಾಲ್ಕೂ ಕಾಲು ಒಳಗೆ! ಹುಲ್ಲಿನ ಕಟ್ಟು ಹಿಡಿದಿದ್ದ ಲಾಯರಮ್ಮ, ಅವರ ಪಕ್ಕಪಕ್ಕದಲ್ಲೇ ಹಿಮ್ಮುಖವಾಗಿ ಹೆಜ್ಜೆಯಿಡುತ್ತಾ, "ಬನ್ನಿ ಸಾಹೇಬ್ರೇ, ಏನಿಲ್ಲ, ಬನ್ನಿ" ಅನ್ನುತ್ತಾ, ತನಗೇ ಗೊತ್ತಿಲ್ಲದೆ ತಾನೂ ಗಾಡಿಯೊಳಗೆ ನಿಂತಿದ್ದಳು.

ಅತ್ತೆ ಅದನ್ನು ನೋಡಿದಳು. ಕತ್ತೆ ಒಳಗೆ! ಹುಡುಗಿ ಒಳಗೆ! ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವರ್ಷಗಟ್ಟಲೆ, ದಿನಾ ಬೆಳಿಗ್ಗೆ, ಕೊನೆಯ ಹಾಲಿನ ಕ್ಯಾನು ಒಳಗೆ ಸೇರಿದ ಕೂಡಲೇ ಆ ಕೈಗಳು ಮಾಡುತ್ತಿದ್ದದ್ದು ಒಂದೇ ಕೆಲಸ: ಬಾಗಿಲು ದಢಾರನೆ ಹಾಕುವುದು, ತಗಡಿಗೆ ಎರಡು ಏಟು ಬಡಿಯುವುದು, "ರೈಟ್!" ಅಂತ ಕೂಗುವುದು. ಅವಳು ಸಂತೋಷದಿಂದ ಓಡಿದಳು, ಕೈಗಳು ತಮ್ಮ ಹಳೆಯ ಕೆಲಸ ಮಾಡಿಬಿಟ್ಟವು. ದಢಾರ್. ಎರಡು ಏಟು. "ರೈಟ್!"

ಒಳಗಿನಿಂದ ಕಿರುಚಾಟ ಕೇಳಿತು. ಆಮೇಲೆ ತಗಡಿಗೆ ಗೊರಸು ಬಡಿಯುವ ಸದ್ದು, ಒಂದರ ಮೇಲೊಂದು. ಅತ್ತೆ ತಕ್ಷಣ ಬಾಗಿಲು ತೆಗೆದಳು. ಆದರೂ ಆಗಬೇಕಾದ್ದೆಲ್ಲ ಆಗಿಹೋಗಿತ್ತು. ಸಾಹೇಬರು ಹುಡುಗಿಯನ್ನು ಬೀಳಿಸಿಕೊಂಡೇ ಹೊರಗೆ ಹಾರಿ ಅಂಗಳದ ಕೊನೆಯ ಗೋಡೆಗೆ ಹೋಗಿ ನಿಂತರು. ಲಾಯರಮ್ಮ ಮೊಣಕೈ ತರಚಿಕೊಂಡು ಹೊರಗೆ ಬಂದವಳು ನೆಲಕ್ಕೆ ಕುಸಿದು, ಉಸಿರಿಗಾಗಿ ಬಾಯಿ ತೆರೆದು, ಓಡಿಬಂದ ಮಿಸ್ಸಿನ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡಳು. ಅತ್ತೆ "ಅಯ್ಯೋ, ನಾನಲ್ಲಮ್ಮ, ನನ್ನ ಕೈ..." ಅಂದಳು.

ಅವತ್ತು ಮನೆಯ ಮೆಟ್ಟಿಲ ಮೇಲೆ ಸದ್ದೇ ಆಗಲಿಲ್ಲ. ಟೈಲರ್ ತಲೆಯೆತ್ತಿ ನೋಡಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ಒಂದು ಮಗುವಿನ ತುತ್ತು, ಚೆಲ್ಲಿದವಳು ನಾನು, ಅಂತ ಬಿಕ್ಕಿ ಬಿಕ್ಕಿ ಅತ್ತಳು. ಇನ್ನು ಗಾಡಿ ಮುಟ್ಟುವುದಿಲ್ಲ ಅಂದಳು. ಅವನು ಯಂತ್ರ ನಿಲ್ಲಿಸಿ ಪಕ್ಕಕ್ಕೆ ಬಂದು ಕೂತ.

"ನಾನು ಎಷ್ಟು ಸಲ ತಪ್ಪು ಹೊಲಿಗೆ ಹಾಕಿದೀನಿ ಹೇಳು" ಅಂದ.

"ಬಿಚ್ಚಿ ಮತ್ತೆ ಹಾಕ್ತೀರಿ. ಬಟ್ಟೆ ಅದು. ಮಗು ಅಲ್ಲ."

ಅವನು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದ.

ಮುಂದಿನ ಬುಧವಾರ ಹುಡುಗಿ ಬರುವುದಿಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಬಂದಳು. ಮೊಣಕೈಗೆ ಪಟ್ಟಿ. ಸಾಹೇಬರನ್ನು ಮಾತಾಡಿಸಿ, ಗಾಡಿಯಿಂದ ದೂರವೇ ಸುತ್ತು ಹಾಕಿ, ಬೋರಲು ಬಕೆಟ್ಟಿನ ಮೇಲೆ ತಲೆ ತಗ್ಗಿಸಿ ಕೂತಿದ್ದ ಅತ್ತೆಯ ಮುಂದೆ ಬಂದು ನಿಂತಳು.

"ಅತ್ತೆ, ಒಂದು ಪ್ರಶ್ನೆ."

"ಕೇಳಮ್ಮ. ಬೈಯೋದಿದ್ರೂ ಬೈಯಿ."

"ಬೈಯಲ್ಲ. ಅವತ್ತು ಸಾಹೇಬ್ರು ಯಾವುದಕ್ಕೆ ಒದ್ರು?"

"ಬಾಗಿಲಿಗೆ."

"ನಾನು ಪಕ್ಕದಲ್ಲೇ ಇದ್ದೆ. ನಂಗೆ ಒದೀಲಿಲ್ಲ. ಗೋಡೆಗೂ ಒದೀಲಿಲ್ಲ. ಬಾಗಿಲಿಗೆ ಮಾತ್ರ." ಅವಳು ಬೆರಳು ಮಡಚಿ ಮಡಚಿ ವಾದ ಮಂಡಿಸುತ್ತಿದ್ದಳು. "ಅಂದ್ರೆ ಅವ್ರಿಗೆ ಗಾಡಿ ಮೇಲೆ ಕೋಪ ಇಲ್ಲ. ಹೊರಗೆ ಬರೋಕೆ ಆಗಲ್ಲ ಅನ್ನೋದರ ಮೇಲೆ ಕೋಪ. ನಾನೂ ಅವತ್ತು ಬಾಗಿಲ ಮೇಲೆಲ್ಲ ಕೈ ಆಡಿಸ್ದೆ ಅತ್ತೆ. ಮೇಲೆ, ಕೆಳಗೆ, ಎಲ್ಲಾ ಕಡೆ. ನಿಮ್ಮ ಬಾಗಿಲಿಗೆ ಒಳಗಡೆ ಚಿಲಕಾನೇ ಇಲ್ಲ. ಯಾಕಿಲ್ಲ?"

ಅತ್ತೆ ಅಷ್ಟು ವರ್ಷ ಆ ಬಾಗಿಲು ಹಾಕಿ ತೆಗೆದವಳು, ಒಂದು ದಿನವಾದರೂ ಅದನ್ನು ಒಳಗಿನಿಂದ ನೋಡಿರಲಿಲ್ಲ. ಒಳಗಿರುವವರಿಗೆ ತೆಗೆಯಬೇಕು ಅನ್ನಿಸಬಹುದು ಅಂತ ಆ ಗಾಡಿ ಕಟ್ಟಿದವರಿಗೂ ಹೊಳೆದಿರಲಿಲ್ಲ, ಓಡಿಸಿದವಳಿಗೂ ಹೊಳೆದಿರಲಿಲ್ಲ.

"ಒಳಗೆ ಚಿಲಕ ಹಾಕ್ಸಿ" ಅಂದಳು ಲಾಯರಮ್ಮ. "ನನ್ನ ಕೈಗೆ ಎಟುಕೋ ಹಾಗೆ. ಬಾಗಿಲು ನಾನೇ ಹಾಕ್ತೀನಿ, ನಾನೇ ತೆಗೀತೀನಿ. ನೀವು ಮುಟ್ಟಬಾರದು."

"ಮುಟ್ಟಲ್ಲ! ಆ ಕಡೆ ತಿರುಗಿಯೂ ನೋಡಲ್ಲ!" ಅತ್ತೆ ಎದ್ದು ನಿಂತು ಹೊಡೆಯಲು ಭುಜ ಹುಡುಕಿ, ಯಾವುದೂ ಸಿಗದೆ ತನ್ನ ತೊಡೆಗೇ ಹೊಡೆದುಕೊಂಡಳು. ಒಂದು ವಾರದಿಂದ ಕಳೆದುಹೋಗಿದ್ದ ಜೀವ ವಾಪಸ್ ಬಂದಿತ್ತು.

ಅರ್ಧ ಗಂಟೆ ಕಳೆಯುವ ಮೊದಲೇ ಗಾಡಿ ಪಕ್ಕದ ಬೀದಿಯ ವೆಲ್ಡರನ ಅಂಗಡಿಯ ಮುಂದಿತ್ತು.

"ಕತ್ತೆಗೆ ಚಿಲಕನಾ ಅತ್ತೆ?" ಅಂತ ಅವನು ನಕ್ಕ. "ಹೀಗೇ ಬಿಟ್ರೆ ನಾಳೆ ಮುಖ ನೋಡ್ಕೊಳ್ಳೋಕೆ ಕನ್ನಡೀನೂ ಕೇಳುತ್ತೆ."

"ಕೇಳಿದ್ರೆ ಅದನ್ನೂ ಹಾಕು. ಈಗ ಕೈ ನಡೆಸು."

ಸುಮ್ಮನೆ ಚಿಲಕ ಹಾಕಿದರೆ ಸಾಲದು ಅಂದರು ಮಿಸ್ಸು. ಓಡುವ ಗಾಡಿಯಲ್ಲಿ ಬಾಗಿಲು ತೆಗೆದರೆ ಗತಿಯೇನು? ವೆಲ್ಡರ್ ತಲೆ ಕೆರೆದುಕೊಂಡು ಒಂದು ಉಪಾಯ ಮಾಡಿದ. ಚಿಲಕದ ಪಕ್ಕ ಒಂದು ಸ್ವಿಚ್ಚು; ಒತ್ತಿದರೆ ಮುಂದೆ ಅತ್ತೆಯ ಎದುರಿಗೆ ಕೆಂಪು ದೀಪ ಹೊತ್ತಬೇಕು. ದೀಪ ಹೊತ್ತಿದರೆ, ಎಲ್ಲೇ ಇರಲಿ, ಅತ್ತೆ ಬದಿಗೆ ತಂದು ನಿಲ್ಲಿಸಬೇಕು. ನಿಂತ ಮೇಲೆ ಚಿಲಕ. ಬಾಗಿಲ ಪಕ್ಕದಲ್ಲಿ ಬೆಲ್ಟು ಇರುವ ಒಂದು ಬೆಂಚು, ಅದಕ್ಕೂ ಕತ್ತೆಗೂ ನಡುವೆ ಕಬ್ಬಿಣದ ಅಡ್ಡಪಟ್ಟಿ. ಲಾಯರಮ್ಮ ಹೊರಗೆ ನಿಂತು ಚಿಲಕದ ಎತ್ತರ ನೋಡಿ, ಎರಡು ಬೆರಳು ಕೆಳಗಿಳಿಸಿ ಅಂತ ವಾಪಸ್ ಕಳಿಸಿದಳು. ವೆಲ್ಡರ್ ಗೊಣಗುತ್ತಲೇ ಇಳಿಸಿದ.

ಆಮೇಲೆ ಅವಳ ಅಭ್ಯಾಸ ಶುರುವಾಯಿತು. ಒಳಗೆ ಒಂದು ಕಾಲು, ಹೊರಗೆ ಒಂದು ಕಾಲು. ಬಾಗಿಲು ಒಂದು ಗೇಣು ಎಳೆಯುವುದು, ಬಿಡುವುದು. ಕೆಲವು ದಿನ ಬೆವತು ಓಡಿಬಂದು ಸಾಹೇಬರ ಕುತ್ತಿಗೆಗೆ ಮುಖ ಒತ್ತಿಕೊಂಡು ನಿಲ್ಲುತ್ತಿದ್ದಳು. ಯಾರೂ ಕರೆಯುತ್ತಿರಲಿಲ್ಲ. ಅತ್ತೆ ನೀರಿನ ತೊಟ್ಟಿಯ ಆಚೆ ಬಾಯಿ ಮುಚ್ಚಿಕೊಂಡು ನಿಂತಿರುತ್ತಿದ್ದಳು. ಒಂದು ಸಂಜೆ ಬಾಗಿಲು ಪೂರ್ತಿ ಮುಚ್ಚಿತು. ಚಿಲಕ ಟಕ್ಕೆಂದಿತು, ಬಾಗಿಲು ತೆರೆಯಿತು, ಒದ್ದೆ ಮುಖದ ಹುಡುಗಿ ಹೊರಗಿಣುಕಿ, "ಕೆಲ್ಸ ಮಾಡುತ್ತೆ" ಅಂದಳು. ಅತ್ತೆ ತೊಟ್ಟಿಯ ಸುತ್ತ ಓಡಿದಳು. ಒಂದಲ್ಲ ಎರಡಲ್ಲ, ಮಂಡಿ ನೋಯುವವರೆಗೆ ಓಡಿದಳು, ಆದರೆ ಒಂದು ಸದ್ದೂ ಮಾಡಲಿಲ್ಲ. ಹುಡುಗಿ ಒಳಗಿದ್ದಾಳೆ, ಕ್ಯಾರೆಟ್ಟೂ ಒಳಗಿದೆ ಅಂತ ತಿಳಿದ ಮೇಲೆ ಸಾಹೇಬರೂ ಹೆಚ್ಚು ದಿನ ಮುನಿಸು ಇಟ್ಟುಕೊಳ್ಳಲಿಲ್ಲ. ಅವರ ಮೂಗಿನ ಮುಂದೆಯೇ ಅವಳು ಬಾಗಿಲು ಹಾಕಿ ತೆಗೆದು, ಹಾಕಿ ತೆಗೆದು ತೋರಿಸಿದಳು. ಕೊನೆಗೆ ಅವರು ಬಾಗಿಲ ಸದ್ದಿಗೆ ಕಿವಿ ಆಡಿಸಿ ಹುಲ್ಲು ಅಗಿಯುವುದನ್ನು ಮುಂದುವರಿಸಿದರು.

ಹೊರಡುವ ಬೆಳಿಗ್ಗೆ ಟೈಲರ್ ಕೂಡ ಬಂದಿದ್ದ, ಬೆಂಚಿಗೆ ಹೊಲಿದ ಮೆತ್ತೆ ಹಿಡಿದುಕೊಂಡು. ಸಾಹೇಬರು ಹತ್ತಿದರು. ಮಿಸ್ಸು ಹತ್ತಿದರು. ಲಾಯರಮ್ಮ ಹಲಗೆಯ ಬುಡದಲ್ಲಿ ನಿಂತವಳು ನಿಂತೇ ಇದ್ದಳು. ಅತ್ತೆ ಚಾಲಕಳ ಜಾಗದಲ್ಲಿ ಕೂತು, ಮಾತು ಕೊಟ್ಟಿದ್ದಂತೆ ಹಿಂದೆ ತಿರುಗದೆ, ಸ್ಟೀರಿಂಗನ್ನು ಬೆರಳು ಬಿಳುಚಿಕೊಳ್ಳುವಂತೆ ಹಿಡಿದಿದ್ದಳು. ಬಾಗಿಲು ಮುಚ್ಚಿದ ಸದ್ದು ಬಂತು. ಆಮೇಲೆ ಚಿಲಕದ ಸದ್ದು.

ಗಾಡಿ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಕೆಂಪು ದೀಪ ಹೊತ್ತಿತು. ನಿಲ್ಲಿಸಿದಳು. ಹುಡುಗಿ ಇಳಿದು, ರಸ್ತೆ ಬದಿಯಲ್ಲಿ ಉಸಿರಾಡಿ, ಹತ್ತಿದಳು. ಪೆಟ್ರೋಲ್ ಬಂಕಿನ ಹತ್ತಿರ ಮತ್ತೆ ದೀಪ. ಸೇತುವೆಯ ಮೊದಲು ದೀಪ, ಸೇತುವೆಯ ನಂತರ ದೀಪ. ಹಿಂದಿನ ಗಾಡಿಗಳು ಹಾರ್ನ್ ಬಾರಿಸಿ ಬೈದುಕೊಂಡು ಹೋದವು. ಬೈಯಲಿ! ಈ ವೇಗದಲ್ಲಿ ತಲುಪಲು ಒಂದು ವಾರ ಹಿಡಿದರೂ ಸೈ, ದೀಪ ಹೊತ್ತಿದರೆ ನಿಲ್ಲಿಸುವುದೇ ಸೈ. ಜೀವಮಾನದಲ್ಲಿ ಮೊದಲ ಸಲ ಗಾಡಿ ಅತ್ತೆಗೆ ಯಾವ ಅವಸರವೂ ಇರಲಿಲ್ಲ.

ಬಯಲು ಶುರುವಾದ ಮೇಲೆ ದೀಪ ಹೊತ್ತಲಿಲ್ಲ. ಒಂದು ಊರು ಹೋಯಿತು, ಇನ್ನೊಂದು ಹೋಯಿತು. ಅತ್ತೆ ದೀಪವನ್ನೇ ಮತ್ತೆ ಮತ್ತೆ ನೋಡತೊಡಗಿದಳು. ದೀಪ ಕೆಟ್ಟಿದೆಯೇ? ಹುಡುಗಿ ಒತ್ತಿ ಒತ್ತಿ ಸಾಕಾಗಿದ್ದಾಳೆಯೇ? ಒಳಗೆ ಮತ್ತೆ ಉಸಿರು ಕಟ್ಟಿದೆಯೇ? ತಡೆಯಲಾರದೆ ಗಾಡಿ ಬದಿಗೆ ತಂದು ನಿಲ್ಲಿಸಿ, ಓಡಿ ಹೋಗಿ, ಬಾಗಿಲು ಮುಟ್ಟುವಂತಿಲ್ಲವಲ್ಲ ಅಂತ ತಗಡಿನ ಹೊರಗೆ ನಿಂತು "ಅಮ್ಮಣ್ಣೀ!" ಅಂದಳು.

ಚಿಲಕ ಟಕ್ಕೆಂದಿತು. ಜಡೆಗೆ ಹುಲ್ಲು ಸಿಕ್ಕಿಸಿಕೊಂಡ ತಲೆಯೊಂದು ಹೊರಗೆ ಬಂತು.

"ಯಾಕೆ ನಿಲ್ಲಿಸಿದ್ರಿ?"

"ದೀಪ ಹೊತ್ತಲಿಲ್ವಲ್ಲಮ್ಮ..."

"ನಾನು ಒತ್ತಿದ್ರೆ ತಾನೇ ಹೊತ್ತೋದು? ನಾನು ನಿಲ್ಲಿಸಿ ಅಂದ್ನಾ? ಹೋಗಿ ಅತ್ತೆ, ಬೇಗ ಹೋಗಿ! ಕತ್ತಲಾದ್ರೆ ಅವನು ಮಲಗಿಬಿಡ್ತಾನೆ!"

ಬಾಗಿಲು ಅತ್ತೆಯ ಮೂಗಿನ ಮುಂದೆಯೇ ದಢಾರನೆ ಮುಚ್ಚಿತು. ಆ ಸದ್ದು ಅವಳಿಗೆ ಹಾಲು ಕುಡಿದಷ್ಟು ತಂಪಾಯಿತು. ಅಳುತ್ತಲೇ ನಗುತ್ತಲೇ ಹೋಗಿ ಸ್ಟೀರಿಂಗ್ ಹಿಡಿದಳು.

ಅಜ್ಜಿಯ ಮನೆ ಒಂದು ಇಕ್ಕಟ್ಟು ಬೀದಿಯ ಕೊನೆಗಿತ್ತು. ಮುದುಕಿ ಕೋಲೂರಿ ಗೇಟಿನಲ್ಲೇ ನಿಂತಿದ್ದರು. ಅವರ ಕಾಲ ಹಿಂದಿನಿಂದ ಒಂದು ಪುಟ್ಟ ಮುಖ ಇಣುಕುತ್ತಿತ್ತು. ಲಾಯರಮ್ಮ ಬಾಗಿಲು ತೆಗೆದು ಇಳಿದಳು. ಅಜ್ಜಿ ಬಂದು ತಬ್ಬಿಕೊಂಡು ಅತ್ತರು. ಇವಳು ತಬ್ಬಿಕೊಂಡಳು, ಆದರೆ ಕಣ್ಣೆಲ್ಲ ತಮ್ಮನ ಮೇಲೆ. ಅವನು ಮೊದಲು ಇವಳನ್ನು ನೋಡಿದ. 'ಯಾರು' ಅನ್ನುವ ನೋಟವೇ ಅದು. ಆಮೇಲೆ ಇವಳನ್ನು ಬಿಟ್ಟು ಗಾಡಿಯೊಳಗಿನ ಉದ್ದ ಕಿವಿಗಳನ್ನು ನೋಡತೊಡಗಿದ.

"ಹೋಗೋ, ಅಕ್ಕನ ಹತ್ರ ಹೋಗೋ" ಅಂತ ಅಜ್ಜಿ ಅವನ ಬೆನ್ನಿಗೆ ಕೈಹಾಕಿದರು.

"ತಳ್ಳಬೇಡಿ ಅಜ್ಜಿ" ಅಂದಳು ಹುಡುಗಿ. ಹೋಗಿ ಇಳಿಜಾರು ಹಲಗೆಯ ಮೇಲೆ, ಒಂದು ಬದಿಗೆ ಜಾಗ ಬಿಟ್ಟು, ಕೂತಳು. ಅವನ ಕಡೆ ನೋಡಲಿಲ್ಲ. ಅತ್ತೆ ಗಾಡಿಯ ಪಕ್ಕ ನಿಂತು ತುಟಿ ಕಚ್ಚಿಕೊಂಡಳು. ಎತ್ತಿಕೊಂಡು ಹೋಗಿ ಮಡಿಲಲ್ಲಿ ಕೂರಿಸಿಬಿಡಲೇ ಅಂತ ಕೈ ತುಡಿಯುತ್ತಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ಮಗು ಗೇಟು ದಾಟಿದ. ನಿಂತ. ಚಪ್ಪಲಿ ನೋಡಿಕೊಂಡ. ಇನ್ನಷ್ಟು ಹತ್ತಿರ ಬಂದ. ಸಾಹೇಬರು ಕಿವಿ ಆಡಿಸಿದರು, ಅವನು ಹಿಂದೆ ಸರಿದು, ಮತ್ತೆ ಮುಂದೆ ಬಂದ. ಹಲಗೆಯ ಖಾಲಿ ಬದಿಯಲ್ಲಿ ಮೆಲ್ಲಗೆ ಕೂತು, ಕತ್ತೆಯನ್ನೇ ನೋಡುತ್ತಾ ಕೇಳಿದ.

"ಇದು ಒದಿಯುತ್ತಾ?"

"ಒಳ್ಳೆಯವ್ರಿಗೆ ಒದಿಯಲ್ಲ."

ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿದ. ಸರಿದು ಅವಳ ಮಗ್ಗುಲಿಗೆ ಒತ್ತಿಕೊಂಡು ಕೂತ.

"ಅಕ್ಕಾ, ಇದು ನಮ್ಮನೇಲೇ ಇರುತ್ತಾ?"

ಲಾಯರಮ್ಮ ಮುಖವನ್ನು ಆ ಕಡೆ ತಿರುಗಿಸಿ ಒರೆಸಿಕೊಂಡು, ಈ ಕಡೆ ತಿರುಗಿದಳು.

"ಇಲ್ಲ ಕಣೋ. ಇವ್ರು ಮುಂದೆ ಹೋಗ್ತಾರೆ. ನಾನು ಇರ್ತೀನಿ."